ಗಡುಸು ಸ್ವರದ ಆಸೆಗೆ ಇರುವ ಸ್ವರ ಕೆಡಿಸಿಕೊಳ್ಳಬೇಡಿ

ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ: ಸ್ವರವನ್ನು ಗಂಭೀರ ಮಾಡಿಕೊಳ್ಳುವುದು ಹೇಗೆ? ಬ್ಯಾಂಕಿನವರು ಕೇಳುತ್ತಾರೆ, ವಿಮೆ ಮಾರುವವರು ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಕೇಳುತ್ತಾರೆ. ಈಚೆಗೆ ಅದರ ಜೊತೆಗೆ ಇನ್ನೊಂದು ಸಾಲೂ ಸೇರಿಕೊಂಡಿದೆ: "ಶಿಬಿರಕ್ಕೆ ಹೋಗಿ ಬಂದ ಮೇಲೆ ಸ್ವರ ಒಡೆಯುತ್ತಿದೆ." ಈ ಎರಡನೆಯ ಸಾಲು ನನ್ನನ್ನು ಕೆರಳಿಸುತ್ತದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪತ್ರಕ್ಕೆ ಕೊಡುತ್ತಿದ್ದೇನೆ.

ಪ್ರಶ್ನೆ: ನನಗೆ 32 ವರ್ಷ. ಉಡುಪಿಯ ಒಂದು ಸಹಕಾರಿ ಸಂಘದ ಶಾಖೆಯಲ್ಲಿ ಸಹಾಯಕ ವ್ಯವಸ್ಥಾಪಕಿ. ನನ್ನ ಸ್ವರ ತೆಳ್ಳಗಿದೆ. ಫೋನ್ ಎತ್ತಿದರೆ "ಅಮ್ಮನ ಹತ್ತಿರ ಕೊಡು ಮಗೂ" ಎನ್ನುವವರಿದ್ದಾರೆ. ಸಭೆಯಲ್ಲಿ ನಾನು ಹೇಳಿದ್ದನ್ನೇ ಬೇರೆಯವರು ಮತ್ತೊಮ್ಮೆ ಹೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ "ಹೊಟ್ಟೆಯಿಂದ ಮಾತನಾಡಿ, ಸ್ವರವನ್ನು ಕೆಳಗಿಳಿಸಿ" ಎಂದು ಕಲಿಸಿದರು. ದಿನವೂ ಬೆಳಿಗ್ಗೆ ಅರ್ಧ ಗಂಟೆ ಅಭ್ಯಾಸ ಮಾಡುತ್ತಿದ್ದೇನೆ. ಎರಡು ತಿಂಗಳಿಂದ ಸಂಜೆ ನಾಲ್ಕರ ಹೊತ್ತಿಗೆ ಸ್ವರ ಬಿದ್ದುಹೋಗುತ್ತದೆ, ಕುತ್ತಿಗೆ ಬಿಗಿಯುತ್ತದೆ. ತರಬೇತುದಾರರನ್ನು ಕೇಳಿದೆ. "ಹೊಸ ಸ್ವರ ಕೂರುವವರೆಗೆ ಹೀಗೆಯೇ" ಎಂದರು. ಅಭ್ಯಾಸವನ್ನು ಒಂದು ಗಂಟೆಗೆ ಏರಿಸಲೇ?

ಉತ್ತರ: ಏರಿಸಬೇಡಿ. ಇಂದೇ ನಿಲ್ಲಿಸಿ. ಈ ವಾರದೊಳಗೆ ಕಿವಿ, ಮೂಗು, ಗಂಟಲು ತಜ್ಞರ ಬಳಿ ಹೋಗಿ ಸ್ವರತಂತುಗಳನ್ನು ನೋಡಿಸಿಕೊಳ್ಳಿ. ನೋಡಿಸಿಕೊಳ್ಳುವುದು ಎಂದರೆ ಬಾಯಿ ತೆರೆದು "ಆ" ಎನ್ನುವುದಲ್ಲ. ಹಾಗೆ ನೋಡಿದರೆ ಕಾಣುವುದು ಗಂಟಲಿನ ಹಿಂಗೋಡೆ ಮಾತ್ರ, ಸ್ವರತಂತುಗಳಿರುವುದು ಅದಕ್ಕಿಂತ ಕೆಳಗೆ. ಮೂಗಿನಿಂದಲೋ ಬಾಯಿಯಿಂದಲೋ ತೆಳ್ಳಗಿನ ಕ್ಯಾಮೆರಾ ಇಳಿಸಿ ನೋಡಬೇಕು. ಹೊರರೋಗಿ ವಿಭಾಗದಲ್ಲಿಯೇ ಕೆಲವು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಇದು. ಸೌಲಭ್ಯವಿದ್ದಲ್ಲಿ ಸ್ಟ್ರೋಬೋಸ್ಕೋಪಿ ಮಾಡಿಸಿ. ತಂತುಗಳ ಕಂಪನವನ್ನು ನಿಧಾನಗತಿಯಲ್ಲಿ ನೋಡಲು ಅದು ಬೇಕು. ಇದಕ್ಕಾಗಿ ನೀವು ದೂರ ಹೋಗಬೇಕಾಗಿಲ್ಲ. ಮಣಿಪಾಲದಲ್ಲಿಯೂ ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲಿಯೂ ವಾಕ್ ಮತ್ತು ಶ್ರವಣ ವಿಷಯದ ಕಾಲೇಜು ಶಿಕ್ಷಣವೇ ನಡೆಯುತ್ತಿದೆ.

ನೆಗಡಿಯಿಂದ ಬಿದ್ದ ಸ್ವರ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಏಳುತ್ತದೆ. ಮೂರು ವಾರ ದಾಟಿದರೂ ಏಳದ ಸ್ವರವನ್ನು ಕ್ಯಾಮೆರಾದಿಂದ ನೋಡಲೇಬೇಕು. ನಾಲ್ಕು ವಾರ ಕಾಯಬಹುದು ಎನ್ನುವ ವೈದ್ಯರೂ ಇದ್ದಾರೆ. ನಾನು ಮೂರಕ್ಕೇ ನಿಲ್ಲುತ್ತೇನೆ. ನಮ್ಮ ಕಡೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಬೀಡಿ ಸಿಗರೇಟು ಸೇದುವವರು ಬಹಳ. ಅಂಥವರು ಮೂರು ವಾರವೂ ಕಾಯಬಾರದು. ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಉಸಿರಾಟಕ್ಕೆ ತೊಂದರೆ ಇರುವವರೂ, ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ಸ್ವರ ಬದಲಾದವರೂ ಕೂಡಲೇ ಹೋಗಬೇಕು. ಸ್ವರತಂತಿನ ಕ್ಯಾನ್ಸರ್ ಮೊದಲು ತೋರಿಸುವ ಲಕ್ಷಣವೇ ಸ್ವರ ಒಡೆಯುವುದು. ಆ ಹಂತದಲ್ಲೇ ಸಿಕ್ಕಿದರೆ ಅದು ಚೆನ್ನಾಗಿ ಗುಣವಾಗುವ ಕ್ಯಾನ್ಸರುಗಳಲ್ಲಿ ಒಂದು. ನಿಮ್ಮ ವಿಷಯದಲ್ಲಿ ಅದು ಇರುವ ಸಂಭವ ತೀರಾ ಕಡಿಮೆ. ಆದರೂ ತಂತುಗಳನ್ನು ಕಣ್ಣಾರೆ ನೋಡದೆ ಯಾರೂ ನಿಮಗೆ ಸ್ವರದ ವ್ಯಾಯಾಮ ಹೇಳಿಕೊಡಬಾರದು. ಪರೀಕ್ಷೆಯ ವರದಿ ಇಲ್ಲದೆ ಬಂದವರಿಗೆ ನಾನು ಒಂದು ವ್ಯಾಯಾಮವನ್ನೂ ಕೊಡುವುದಿಲ್ಲ. ಫೋನಿನಲ್ಲಿ ಕೇಳಿದರೂ ಅಷ್ಟೇ, ನೆಂಟರ ಮೂಲಕ ಕೇಳಿಸಿದರೂ ಅಷ್ಟೇ.

ಈಗ ನಿಮ್ಮ ಶಿಬಿರದ ಪಾಠಕ್ಕೆ ಬರುತ್ತೇನೆ. ಸ್ವರತಂತುಗಳು ಕೇವಲ ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಎರಡು ಮಡಿಕೆಗಳು. ಹೆಂಗಸರಲ್ಲಿ ಅದಕ್ಕಿಂತ ತುಸು ಗಿಡ್ಡ, ಗಂಡಸರಲ್ಲಿ ತುಸು ಉದ್ದ ಮತ್ತು ದಪ್ಪ. ಮಾತನಾಡುವಾಗ ಹೆಂಗಸರ ತಂತುಗಳು ಸೆಕೆಂಡಿಗೆ ಸುಮಾರು 200 ಸಲ, ಗಂಡಸರ ತಂತುಗಳು 100ರಿಂದ 130 ಸಲ ಒಂದಕ್ಕೊಂದು ತಾಗುತ್ತವೆ. ಅಂದರೆ ನಿಮ್ಮ ಗಂಟಲಿನಿಂದ ಒಟ್ಟು ಒಂದು ಗಂಟೆ ಕಾಲ ಸ್ವರ ಹೊರಟರೆ ಏಳು ಲಕ್ಷ ಸಲ ಅವು ಬಡಿದುಕೊಂಡಿರುತ್ತವೆ. ಸ್ವರದ ಶ್ರುತಿಯನ್ನು ನಿರ್ಧರಿಸುವುದು ಈ ತಂತುಗಳ ಉದ್ದ, ದಪ್ಪ, ಬಿಗಿತ. ಉದ್ದವನ್ನೂ ದಪ್ಪವನ್ನೂ ಬೆಳಗಿನ ಅರ್ಧ ಗಂಟೆಯ ಅಭ್ಯಾಸ ಬದಲಿಸಲಾರದು. ನೀವು ಮಾಡುತ್ತಿರುವುದು ಇಷ್ಟೇ: ಕುತ್ತಿಗೆಯ ಸ್ನಾಯುಗಳಿಂದ ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಒತ್ತಿ ಹಿಡಿದು, ತಂತುಗಳನ್ನು ಅವುಗಳ ಸಹಜ ಶ್ರುತಿಗಿಂತ ಕೆಳಗೆ ಎಳೆಯುತ್ತಿದ್ದೀರಿ. ಅಷ್ಟು ತಗ್ಗಿನಲ್ಲಿ ಸ್ವರಕ್ಕೆ ಬಲವಿರುವುದಿಲ್ಲ, ಗರಗರ ಎನ್ನುತ್ತದೆ. ಕೌಂಟರಿನ ಆಚೆಯವರಿಗೆ ಕೇಳಿಸುವುದಿಲ್ಲ. ಕೇಳಿಸಲೆಂದು ಇನ್ನಷ್ಟು ಒತ್ತುತ್ತೀರಿ. ಹಾರೆ ಪಿಕ್ಕಾಸು ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುವ ಹಾಗೆ ತಂತುಗಳ ಅಂಚಿನಲ್ಲಿಯೂ ಎರಡು ಕಡೆ ಸಣ್ಣ ಗಂಟುಗಳು ಏಳುತ್ತವೆ. ಗಂಟು ಬಂದ ತಂತುಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರುತ್ತದೆ, ಸ್ವರ ಒಡೆಯುತ್ತದೆ. ಅಧ್ಯಾಪಕರಲ್ಲಿ, ಹಾಡುಗಾರರಲ್ಲಿ ಇದನ್ನು ಧಾರಾಳವಾಗಿ ನೋಡುತ್ತೇವೆ. ನಿಮಗೂ ಅದೇ ಆಗಿದೆ ಎಂದು ನೋಡದೆ ಹೇಳಲಾರೆ. ಆಗಿದ್ದರೂ ಹೆದರಬೇಡಿ. ಇಂಥ ಗಂಟುಗಳಿಗೆ ಮೊದಲ ಚಿಕಿತ್ಸೆ ಕತ್ತರಿಯಲ್ಲ, ಸರಿಯಾಗಿ ಮಾತನಾಡಲು ಕಲಿಯುವ ಸ್ವರ ಚಿಕಿತ್ಸೆ.

"ಹೊಟ್ಟೆಯಿಂದ ಮಾತನಾಡಿ" ಎನ್ನುವ ಮಾತನ್ನು ಇಷ್ಟು ಜನ ಇಷ್ಟು ಧೈರ್ಯದಿಂದ ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಯಲ್ಲಿ ಸ್ವರವಿಲ್ಲ. ಉಸಿರು ಎಳೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆ ಕೆಳಗಿಳಿಯುತ್ತದೆ, ಅದಕ್ಕೆ ಜಾಗ ಬಿಡಲು ಹೊಟ್ಟೆ ತುಸು ಮುಂದೆ ಬರುತ್ತದೆ. ಅಷ್ಟೇ. ಆ ಚಲನೆ ಸರಾಗವಾಗಿರಲಿ, ಭುಜ ಎತ್ತಿ ಉಸಿರಾಡಬೇಡಿ ಎಂಬುದು ಸರಿಯಾದ ಸಲಹೆ. ಆದರೆ ಹೊಟ್ಟೆಯನ್ನು ಬಿಗಿದು ಗಾಳಿಯನ್ನು ಮೇಲಕ್ಕೆ ದಬ್ಬಿದರೆ ತಂತುಗಳ ಕೆಳಗೆ ಒತ್ತಡ ಏರಿ ಅವು ಇನ್ನೂ ಜೋರಾಗಿ ಬಡಿದುಕೊಳ್ಳುತ್ತವೆ. ಎರಡು ತಿಂಗಳು ಸ್ವರ ಬಿದ್ದಿದ್ದರೂ "ಹೀಗೆಯೇ ಇರುತ್ತದೆ" ಎಂದವರು ಸ್ವರದ ಬಗ್ಗೆ ಏನನ್ನೂ ಓದಿದವರಲ್ಲ. ಮಾತು, ಸ್ವರದ ತೊಂದರೆಗಳಿಗೆ ಚಿಕಿತ್ಸೆ ಕೊಡುವ ವಾಕ್ ಚಿಕಿತ್ಸಕರಾಗಲು ನಾಲ್ಕು ವರ್ಷದ ಪದವಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆಂದೇ 1992ರ ಕಾಯ್ದೆ ಇದೆ. ನಿಮ್ಮ ಗಂಟಲಿಗೆ ಕೈ ಹಾಕುವ ಯಾರನ್ನೇ ಆಗಲಿ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮರ್ಯಾದೆಯಲ್ಲ. ಸಂಖ್ಯೆ ಇರುವವರು ಸಂತೋಷದಿಂದ ಹೇಳುತ್ತಾರೆ.

ಇನ್ನು ನಿಮ್ಮ ನಿಜವಾದ ಕಷ್ಟ. ಸಭೆಯಲ್ಲಿ ನಿಮ್ಮ ಮಾತಿಗೆ ಬೆಲೆ ಸಿಗುವುದಿಲ್ಲ. ಅದಕ್ಕೆ ಕಾರಣ ತೆಳ್ಳಗಿನ ಸ್ವರ ಎಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ನನ್ನ ಬಳಿ ಇದೇ ದೂರು ತರುವವರಿಗೆ ನಾನು ಮೊದಲು ಮಾಡಿಸುವುದು ಒಂದು ಕೆಲಸ: ಸಭೆಯಲ್ಲಿ ಹೇಳಬೇಕಾದುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಪ್ರತಿ ವಾಕ್ಯದ ಕೊನೆಯ ಎರಡು ಪದಗಳನ್ನು ಮಾತ್ರ ಕೇಳುವುದು. ಸಾಮಾನ್ಯವಾಗಿ ಅಲ್ಲಿ ಸ್ವರವೇ ಇರುವುದಿಲ್ಲ. ಉಸಿರು ಮುಗಿದಿರುತ್ತದೆ, ಗೊರಗೊರ ಸದ್ದೊಂದು ಉಳಿದಿರುತ್ತದೆ. ಕನ್ನಡದಲ್ಲಿ ಇದು ಸಣ್ಣ ನಷ್ಟವಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆಯಿತೋ ಆಗಲಿಲ್ಲವೋ, ಮಾಡಿದ್ದೇವೆಯೋ ಮಾಡುತ್ತೇವೆಯೋ, ಬೇಕೋ ಬೇಡವೋ, ಎಲ್ಲವೂ ಆ ಕೊನೆಯ ಪದದಲ್ಲಿದೆ. "ಈ ತಿಂಗಳ ಸಾಲದ ಅರ್ಜಿಗಳನ್ನು ಪ್ರಧಾನ ಕಚೇರಿಗೆ ಇನ್ನೂ ಕಳುಹಿಸಿಲ್ಲ" ಎಂದು ನೀವು ಹೇಳುತ್ತೀರಿ. "ಇಲ್ಲ" ನಿಮ್ಮ ಬಾಯಲ್ಲೇ ಉಳಿಯುತ್ತದೆ. ಎದುರಿನವರಿಗೆ ಅರ್ಜಿಯ ವಿಷಯ ಕೇಳಿತು, ಏನಾಯಿತು ಎಂಬುದು ಕೇಳಲಿಲ್ಲ. ಪಕ್ಕದವರು "ಅರ್ಜಿ ಹೋಗಿಲ್ಲ" ಎಂದು ಎರಡೇ ಪದದಲ್ಲಿ ಹೇಳಿದಾಗ ಅದು ಅವರ ಮಾತಾಯಿತು. ಇಂಗ್ಲಿಷಿನಲ್ಲಿ ಕಲಿಸುವ ಭಾಷಣ ತರಬೇತಿಗಳು ಇದಕ್ಕೆ ಇಷ್ಟು ಒತ್ತು ಕೊಡದಿರಬಹುದು. ಆ ಭಾಷೆಯಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ.

ಆದ್ದರಿಂದ ವಾಕ್ಯಗಳನ್ನು ಗಿಡ್ಡ ಮಾಡಿ. ಒಂದು ಉಸಿರಿಗೆ ಒಂದು ವಾಕ್ಯ. ವಾಕ್ಯ ಉದ್ದವಿದ್ದರೆ ಕೊನೆಯ ತುಂಡಿಗೆ ಮುಂಚೆ ನಿಂತು ಉಸಿರು ತೆಗೆದುಕೊಳ್ಳಿ. "ಈ ತಿಂಗಳ ಸಾಲದ ಅರ್ಜಿಗಳನ್ನು", ನಿಲ್ಲಿ, "ಪ್ರಧಾನ ಕಚೇರಿಗೆ ಇನ್ನೂ ಕಳುಹಿಸಿಲ್ಲ." ಕೊನೆಯ ಪದವನ್ನು ಕಿರುಚಬೇಕಾಗಿಲ್ಲ, ಮೊದಲ ಪದದಷ್ಟೇ ಸ್ವರ ಅದಕ್ಕೂ ಸಿಕ್ಕಿದರೆ ಸಾಕು. ವಾಕ್ಯ ಮುಗಿದ ಮೇಲೆ ಬಾಯಿ ಮುಚ್ಚಿ, ಒಂದು ಕ್ಷಣ ಎದುರಿನವರನ್ನು ನೋಡಿ. "ಅಲ್ವಾ", "ಹಾಗೇನೋ", "ಅಂತ ಕಾಣುತ್ತದೆ" ಎಂಬ ಬಾಲಗಳನ್ನು ಕತ್ತರಿಸಿ.

ನಮ್ಮ ಕರಾವಳಿಯವರು ಇದನ್ನು ಹೊರಗಿನ ಶಿಬಿರಗಳಲ್ಲಿ ಹುಡುಕುವುದು ನನಗೆ ನೋವಿನ ಸಂಗತಿ. ಯಕ್ಷಗಾನದ ತಾಳಮದ್ದಳೆ ನಮ್ಮಲ್ಲಿದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತು. ಅದರಲ್ಲಿ ಪಾತ್ರಗಳ ಮಾತು ಕಟ್ಟುವ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಧ್ವನಿಮುದ್ರಿಕೆಗಳು ಈಗಲೂ ಕೇಳಲು ಸಿಗುತ್ತವೆ. ಕೇಳುವಾಗ ಸ್ವರದ ಗಾತ್ರವನ್ನು ಗಮನಿಸಬೇಡಿ. ಎಲ್ಲಿ ನಿಲ್ಲಿಸುತ್ತಾರೆ, ವಾಕ್ಯವನ್ನು ಹೇಗೆ ಮುಗಿಸುತ್ತಾರೆ, ಎದುರಾಳಿಯ ಮಾತಿನ ಎಳೆಯನ್ನೇ ಹಿಡಿದು ಉತ್ತರ ಹೇಗೆ ಕಟ್ಟುತ್ತಾರೆ ಎಂಬುದನ್ನು ಗಮನಿಸಿ. ಸಭೆಯಲ್ಲಿ ನಿಮಗೆ ಬೇಕಾದುದು ಇದೇ. ಮೊದಲು ಮಾತನಾಡಿದವರ ಒಂದು ಪದವನ್ನು ಹಿಡಿದು ನಿಮ್ಮ ಮಾತು ಶುರು ಮಾಡಿ, ಆಗ ಅವರು ಕಿವಿ ಕೊಡಲೇಬೇಕಾಗುತ್ತದೆ.

ಸಹಜ ಶ್ರುತಿ ಯಾವುದು ಎಂದು ಕೇಳುತ್ತೀರಿ. ಫೋನಿನಲ್ಲಿ ಯಾರದೋ ಕಥೆ ಕೇಳುತ್ತ ಬಾಯಿ ಮುಚ್ಚಿಕೊಂಡೇ "ಹೂಂ, ಹೂಂ" ಎನ್ನುತ್ತೀರಲ್ಲ, ಹೆಚ್ಚು ಕಡಿಮೆ ಅದೇ ನಿಮ್ಮ ಜಾಗ. ಮಾತನ್ನು ಅದರ ಆಸುಪಾಸಿನಲ್ಲಿ ಇಡಿ. ವರದಿ ಕೈಗೆ ಬಂದು ಚಿಕಿತ್ಸಕರು ಒಪ್ಪಿದ ಮೇಲೆ ಸ್ಟ್ರಾ ವ್ಯಾಯಾಮ ಮಾಡಬಹುದು. ಬೊಂಡದ (ಎಳನೀರಿನ) ಅಂಗಡಿಯ ಸ್ಟ್ರಾ ಸಾಕು. ಲೋಟದಲ್ಲಿ ನೀರು ಹಾಕಿ, ಸ್ಟ್ರಾದ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಮಾತ್ರ ಮುಳುಗಿಸಿ, "ಊ" ಎನ್ನುತ್ತ ಗುಳ್ಳೆ ಬರಿಸಬೇಕು. ಬಾಯಿಯ ಕಡೆ ದಾರಿ ಕಿರಿದಾದಾಗ ಹಿಂದಕ್ಕೆ ಒತ್ತುವ ಗಾಳಿ ತಂತುಗಳನ್ನು ತುಸು ಬಿಡಿಸಿ ಹಿಡಿಯುತ್ತದೆ. ಕಡಿಮೆ ಬಡಿತದಲ್ಲಿ ಅವು ಚೆನ್ನಾಗಿ ಕಂಪಿಸುತ್ತವೆ. ಇದರ ಹಿಂದೆ ಇಂಗೋ ಟಿಟ್ಜೆ ಎಂಬ ವಿಜ್ಞಾನಿಯ ಬಹಳ ವರ್ಷದ ಕೆಲಸವಿದೆ. ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನಕ್ಕೆ ಕೆಲವು ಸಲ. ಅರ್ಧ ಗಂಟೆ ಅಲ್ಲ.

ನಿಮ್ಮ ಶಾಖೆಯನ್ನೂ ಒಮ್ಮೆ ನೋಡಿ. ಗಾಜಿನ ತಡೆ, ಮೇಲೆ ಫ್ಯಾನ್, ನೋಟು ಎಣಿಸುವ ಯಂತ್ರ, ಹೊರಗೆ ಬಸ್ಸಿನ ಹಾರ್ನ್. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ತಿಳಿಯದೆಯೇ ಸ್ವರ ಏರಿಸುತ್ತಾನೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರಾನ್ಸಿನ ವೈದ್ಯ 1911ರಲ್ಲೇ ಇದನ್ನು ವಿವರಿಸಿದ್ದ. ಮನಸ್ಸು ಗಟ್ಟಿ ಮಾಡಿಕೊಂಡರೆ ಇದು ನಿಲ್ಲುವುದಿಲ್ಲ, ಸದ್ದನ್ನೇ ಕಡಿಮೆ ಮಾಡಬೇಕು. ಗಾಜಿಗೆ ಸಣ್ಣ ಮೈಕ್ ಹಾಕಿಸಿ. ಕಿವಿ ಮಂದವಾದ ಹಿರಿಯರು ಬಂದರೆ ಕೌಂಟರಿನಿಂದ ಹೊರಗೆ ಬಂದು ಪಕ್ಕದಲ್ಲಿ ಕುಳಿತು ಮಾತನಾಡಿ. ಬಸ್ಸಿನಲ್ಲಿ ಫೋನ್ ಬೇಡ. ಮಂಗಳೂರಿನಿಂದ ಉಡುಪಿಗೆ ಕಿಟಕಿ ತೆರೆದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಾತನಾಡುತ್ತ ಹೋದರೆ ಕಚೇರಿ ತೆರೆಯುವ ಮೊದಲೇ ಆ ದಿನದ ಸ್ವರ ಖರ್ಚಾಗಿರುತ್ತದೆ. ಪದೇ ಪದೇ ಗಂಟಲು ಕೆರೆದುಕೊಳ್ಳಬೇಡಿ. ಹಾಗೆನಿಸಿದಾಗ ಒಂದು ಗುಟುಕು ನೀರು ನುಂಗಿ.

ಪ್ರಶ್ನೆ: ಸ್ವರ ಇಂಪಾಗಲು ಒಳ್ಳೆಮೆಣಸಿನ ಕಷಾಯವೋ ಜ್ಯೇಷ್ಠಮಧುವೋ? (ಕಾರ್ಕಳ)

ಉತ್ತರ: ಎರಡೂ ಅಲ್ಲ. ನುಂಗಿದ್ದೆಲ್ಲ ಅನ್ನನಾಳಕ್ಕೆ ಹೋಗುತ್ತದೆ, ಸ್ವರತಂತನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತಿತ್ತು. ಗಂಟಲಿಗೆ ಹಿತವೆನಿಸಿದರೆ ಕಷಾಯ ಕುಡಿಯಿರಿ. ಜ್ಯೇಷ್ಠಮಧುವನ್ನು ದಿನವೂ ಅಗಿಯುವುದು ರಕ್ತದೊತ್ತಡ ಏರಿಸುತ್ತದೆ.

ಪ್ರಶ್ನೆ: ಸ್ವರ ಬಿದ್ದ ದಿನ ಪಿಸುಮಾತಿನಲ್ಲಿ ಕೆಲಸ ನಡೆಸಬಹುದೇ?

ಉತ್ತರ: ಬೇಡ. ಪಿಸುಗುಟ್ಟುವಾಗ ಹಲವರು ಗಂಟಲನ್ನು ಇನ್ನೂ ಬಿಗಿಯುತ್ತಾರೆ. ಸುಮ್ಮನಿರಿ, ಅಥವಾ ಮೆಲ್ಲಗೆ ಸಹಜವಾಗಿ ಮಾತನಾಡಿ.

ಪ್ರಶ್ನೆ: ಪ್ರೌಢಶಾಲೆಯ ಶಿಕ್ಷಕ. ತರಗತಿಯಲ್ಲಿ ಅರವತ್ತು ಮಕ್ಕಳು. ಮೈಕ್ ಕಟ್ಟಿಕೊಂಡು ಹೋದರೆ ಸಹೋದ್ಯೋಗಿಗಳು ನಗುತ್ತಾರೆ.

ಉತ್ತರ: ನಗಲಿ. ಕಟ್ಟಿಕೊಂಡು ಹೋಗಿ.

ಪ್ರಶ್ನೆ: ಮೊಮ್ಮಗನಿಗೆ ಎರಡೂವರೆ ವರ್ಷ, ಇನ್ನೂ ಮಾತು ಬಂದಿಲ್ಲ. ಮುಂದೆ ಒಳ್ಳೆಯ ಮಾತುಗಾರ ಆಗಲಿ ಎಂದು ದಿನವೂ ಬಜೆ ತೇಯ್ದು ನಾಲಗೆಗೆ ಹಚ್ಚುತ್ತೇನೆ. ಎಷ್ಟು ದಿನ ಮುಂದುವರಿಸಬೇಕು? (ಪುತ್ತೂರು)

ಉತ್ತರ: ಅಮ್ಮಾ, ಇವತ್ತೇ ನಿಲ್ಲಿಸಿ. ನಿಮ್ಮ ಪ್ರೀತಿಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಜೆ ತಿಂದ ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದಾರೆ. ಅದರಲ್ಲಿರುವ ಅಸಾರೋನ್ ಎಂಬ ವಸ್ತುವಿನ ಭಯದಿಂದ ಅಮೆರಿಕದಲ್ಲಿ 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿದರು. ಎರಡೂವರೆ ವರ್ಷಕ್ಕೂ ಮಾತು ಬರದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. ಕೇಳಿಸದಿದ್ದರೆ ಮಾತು ಬರುವುದು ಎಲ್ಲಿಂದ? "ಅವನ ಅಪ್ಪನಿಗೂ ತಡವಾಗಿಯೇ ಬಂದದ್ದು" ಎಂದು ಹೇಳುವವರ ಮಾತಿಗೆ ಇನ್ನೊಂದು ತಿಂಗಳನ್ನೂ ಕೊಡಬೇಡಿ.

ಪ್ರಶ್ನೆ: ಸುರತ್ಕಲ್‌ನವನು, ಬೆಂಗಳೂರಿನಲ್ಲಿ ಕೆಲಸ. ನನ್ನ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತುಳುವಿನ ಧಾಟಿ ಇದೆ ಎಂದು ತಮಾಷೆ ಮಾಡುತ್ತಾರೆ. ಹತ್ತು ದಿನದಲ್ಲಿ ಉಚ್ಚಾರ ಬದಲಿಸಿಕೊಡುವ ತರಗತಿಗೆ ಹಣ ಕಟ್ಟಲೇ?

ಉತ್ತರ: ಕಟ್ಟಬೇಡಿ. ಧಾಟಿ ರೋಗವಲ್ಲ, ಅದಕ್ಕೆ ನನ್ನ ಬಳಿ ಚಿಕಿತ್ಸೆಯೂ ಇಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮಾತು ಎದುರಿನವರಿಗೆ ಅರ್ಥವಾಗುತ್ತಿದೆಯೇ? ಅವರು "ಏನು? ಇನ್ನೊಮ್ಮೆ ಹೇಳಿ" ಎಂದು ಪದೇ ಪದೇ ಕೇಳುತ್ತಿದ್ದರೆ ವೇಗ ಇಳಿಸಿ. ನಮ್ಮ ಕಡೆಯವರು ಇಂಗ್ಲಿಷ್ ಮಾತನಾಡುವಾಗ ಹೆದರಿಕೆಗೆ ವೇಗ ಏರಿಸುತ್ತಾರೆ, ಅರ್ಥವಾಗದಿರುವುದು ಹೆಚ್ಚಾಗಿ ಅದರಿಂದ. ಹೆಸರು, ಅಂಕೆ, ದಿನಾಂಕ ಬಂದಾಗ ನಿಂತು ಹೇಳಿ. ಅರ್ಥವಾಗಿಯೂ ನಗುತ್ತಿದ್ದರೆ ತಿದ್ದಿಕೊಳ್ಳಬೇಕಾದವರು ಅವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ಕೊಂಕಣಿ ಅಥವಾ ಬ್ಯಾರಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಬದಲಿಸುತ್ತ ಬೆಳೆದವರು ನಾವು. ಎದುರಿನವರನ್ನು ನೋಡಿ ಮಾತು ಹೊಂದಿಸಿಕೊಳ್ಳುವ ಈ ಅಭ್ಯಾಸವನ್ನು ಯಾವ ತರಗತಿಯೂ ಹತ್ತು ದಿನದಲ್ಲಿ ಕಲಿಸಲಾರದು.

ಪ್ರಶ್ನೆ: ನನಗೆ ಉಗ್ಗು ಇದೆ. ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಿದೆ. ಬಾಯಲ್ಲಿ ಕಲ್ಲು ಇಟ್ಟುಕೊಂಡು ಓದಿದರೆ, ನಾಲಗೆಯ ಕೆಳಗಿನ ಪೊರೆ ಕತ್ತರಿಸಿದರೆ ಹೋಗುತ್ತದೆ ಎನ್ನುತ್ತಾರೆ.

ಉತ್ತರ: ಕಲ್ಲು ಗಂಟಲಿಗೆ ಇಳಿದರೆ ಪ್ರಾಣಕ್ಕೆ ಅಪಾಯ. ನಾಲಗೆಯ ಪೊರೆಗೂ ಉಗ್ಗಿಗೂ ಸಂಬಂಧವಿಲ್ಲ, ಕತ್ತರಿಯ ಹತ್ತಿರ ಹೋಗಬೇಡಿ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ. ಅದು ಹೆದರಿಕೆಯಿಂದ ಹುಟ್ಟುವುದಲ್ಲ, ದಡ್ಡತನದ ಗುರುತಂತೂ ಅಲ್ಲವೇ ಅಲ್ಲ. ಪೂರ್ತಿ ಗುಣ ಮಾಡುತ್ತೇವೆ ಎಂದು ಖಾತರಿ ಕೊಡುವವರನ್ನು ನಂಬಬೇಡಿ. ಸಂದರ್ಶನದಲ್ಲಿ ಹೆಚ್ಚು ಶಕ್ತಿ ಹಾಳಾಗುವುದು ಉಗ್ಗನ್ನು ಮುಚ್ಚಿಡುವುದಕ್ಕೆ. ಕಷ್ಟದ ಪದ ತಪ್ಪಿಸಲು ಹೋಗಿ ಗೊತ್ತಿರುವ ಉತ್ತರವನ್ನೇ ಬಿಡುತ್ತೀರಿ. ಕುಳಿತ ಕೂಡಲೇ "ನನಗೆ ಉಗ್ಗು ಇದೆ, ಕೆಲವು ಪದಗಳಿಗೆ ಸಮಯ ಬೇಕಾಗುತ್ತದೆ" ಎಂದು ಹೇಳಿಬಿಡಿ. ಆ ಒಂದು ವಾಕ್ಯವನ್ನು ಸ್ನೇಹಿತರೊಡನೆ ಮೊದಲೇ ಅಭ್ಯಾಸ ಮಾಡಿ. ಇದರ ಜೊತೆಗೆ ವಾಕ್ ಚಿಕಿತ್ಸೆಯನ್ನೂ ಶುರು ಮಾಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಮಂಗಳೂರಿನಲ್ಲಿಯೇ ಇದ್ದರೆ ಇಲ್ಲಿನ ವಾಕ್ ಶ್ರವಣ ವಿಭಾಗಗಳೇ ಸಾಕು.

ಪ್ರಶ್ನೆ: ಮಗನಿಗೆ 20 ವರ್ಷ. ಗಡ್ಡ ಮೀಸೆ ಬಂದಿದೆ, ಸ್ವರ ಮಾತ್ರ ಹುಡುಗಿಯರ ಹಾಗೆ. ಕೆಲಸಕ್ಕೆ ಹೋಗಲು ನಾಚುತ್ತಾನೆ. ನೀವು ಸ್ವರ ಬದಲಾಗುವುದಿಲ್ಲ ಎಂದೇ ಬರೆಯುತ್ತೀರಿ. (ಕುಂದಾಪುರ)

ಉತ್ತರ: ನಿಮ್ಮ ಮಗನ ವಿಷಯ ಬೇರೆ. ಹರೆಯದಲ್ಲಿ ಧ್ವನಿಪೆಟ್ಟಿಗೆ ಬೆಳೆದಿದ್ದರೂ ಕೆಲವು ಹುಡುಗರು ಬಾಲ್ಯದ ಏರು ಶ್ರುತಿಯಲ್ಲೇ ಮಾತು ಮುಂದುವರಿಸುತ್ತಾರೆ. ಅವರ ಗಡುಸು ಸ್ವರ ಒಳಗೆ ಸಿದ್ಧವಾಗಿಯೇ ಇರುತ್ತದೆ. ಬಲ್ಲ ಚಿಕಿತ್ಸಕರು ಧ್ವನಿಪೆಟ್ಟಿಗೆಯ ಮೇಲೆ ಬೆರಳಿಟ್ಟು, ಕೆಮ್ಮಿಸಿ, ಅದನ್ನು ಹೊರಗೆ ತರುತ್ತಾರೆ. ಹೆಚ್ಚಿನವರಿಗೆ ಕೆಲವೇ ಭೇಟಿಗಳಲ್ಲಿ ಫಲ ಸಿಗುತ್ತದೆ. ಇಎನ್‌ಟಿ ತಜ್ಞರು ತಂತುಗಳನ್ನೂ, ಅಗತ್ಯ ಕಂಡರೆ ಹಾರ್ಮೋನನ್ನೂ ಪರೀಕ್ಷಿಸಿದ ನಂತರ ಚಿಕಿತ್ಸೆ ಶುರುವಾಗಬೇಕು. ಈ ವಾರವೇ ಕರೆದುಕೊಂಡು ಹೋಗಿ. ಹೊಸ ಸ್ವರ ಬಂದ ಮೊದಲ ದಿನಗಳಲ್ಲಿ ಮನೆಯಲ್ಲಿ ಯಾರೂ ನಗಬಾರದು ಎಂದು ಎಲ್ಲರಿಗೂ ಮೊದಲೇ ಹೇಳಿಡಿ.